ಸತ್ತವರ ಸ್ಟೀಲ್ ಡಬ್ಬಿ

ಸ್ಟ್ರಾಂಗ್ ರೂಮಿನ ಜಾಲರಿ ಬಾಗಿಲು ನನ್ನ ಬೆನ್ನ ಹಿಂದೆ ಧಡಾರನೆ ಮುಚ್ಚಿತು!

ಕಮರಿಪೇಟೆಯ ಸಿರಿಸಂಪಿಗೆ ಸಹಕಾರ ಬ್ಯಾಂಕು. ಹಾಡುಹಗಲು. ಒಳಗಿನಿಂದಲೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು ಛೇರ್ಮನ್ನರ ಬಂಟ ಕಲ್ಲೇಶ. ಕೈಯಲ್ಲಿ ರಾಡು.

"ಲಾಕರ್ ಬೇಕು ಅಂತ ಬಂದಿ. ಏನ್ ಎಣಸಾಕತ್ತೀಯೋ ಹನಮೇಶ?"

"ಅರವತ್ತ ಲಾಕರ್ ಅದಾವ. ನಿಮ್ಮ ವರದಿಯೊಳಗ ನಾಕನೂರು ಲಾಕರಿನ ಬಾಡಿಗಿ ಐತಲ್ಲೋ!"

ರಾಡು ಬೀಸಿದ. ಬಗ್ಗಿದೆ. ಅದು ಲಾಕರಿಗೆ ಬಡಿಯಿತು... ನನ್ನ ಮೊಣಕಾಲು ಅವನ ಹೊಟ್ಟೆಗೆ ಬಡಿಯಿತು!

ಇಷ್ಟಕ್ಕೆಲ್ಲ ಕಾರಣ ಒಂದು ಡಬ್ಬಿ, ಸ್ವಾಮಿ.

2001ನೇ ಇಸವಿ. ವಿದ್ಯಾನಗರದಲ್ಲಿ ರೊಟ್ಟಿ ಖಾನಾವಳಿ ನಡೆಸುವ ಶಿವಬಸವ್ವ ನನ್ನ ಹತ್ತಿರ ಬಂದಳು. ಈ ಊರಲ್ಲಿ ಕೋರ್ಟಿಗೆ ಹೋಗಲಾರದವರೆಲ್ಲ ನನ್ನ ಹತ್ತಿರವೇ ಬರುವುದು. ಅವಳ ಎರಡು ಲಕ್ಷ ಠೇವಣಿಯ ಅವಧಿ ಮುಗಿದಿತ್ತು. ಬ್ಯಾಂಕು ಚಹಾ ಕೊಡುತ್ತಿತ್ತು, ರೊಕ್ಕ ಕೊಡುತ್ತಿರಲಿಲ್ಲ. ಸೋಮವಾರದೊಳಗೆ ಖಾನಾವಳಿಯ ಜಾಗ ಕೊಳ್ಳದಿದ್ದರೆ ಖಾಲಿ ಮಾಡಬೇಕು.

"ಹಳೇ ಸೀರಿ ಕೊಟ್ಟು ಪಾತ್ರಿಯವಳ ಕಡೆ ಈ ಡಬ್ಬಿ ತಗೊಂಡೆ. ಹೆಸರು ಓದ್ರಿ."

'ವಾರ್ಷಿಕ ಸಭೆ 2001. ನೀಲಕಂಠಪ್ಪ, ಸದಸ್ಯರು.'

"ನಮ್ಮನಿಯವರು ಸತ್ತು ಏಳು ವರ್ಷ ಆತ್ರೀ!"

ನನಗೆ ಮೈ ಉರಿಯಿತು.

ಸಹಕಾರಿ ಬ್ಯಾಂಕಿನಲ್ಲಿ ಷೇರು ಎಷ್ಟೇ ಇರಲಿ, ತಲೆಗೊಂದೇ ಓಟು. ಯಾರ ಕೈಯಲ್ಲಿ ತಲೆ ಹೆಚ್ಚೋ ಅವನೇ ಮಾಲೀಕ. ಛೇರ್ಮನ್ ತ್ರ್ಯಂಬಕರಾಯರು ಸತ್ತವರ ತಲೆಗಳನ್ನೂ ಬಿಟ್ಟಿರಲಿಲ್ಲ! ಅವರ ಹೆಸರಲ್ಲಿ ಓಟು, ಅವರ ಹೆಸರಲ್ಲೇ ಸಾಲ. ಸತ್ತವನು ಬಡ್ಡಿ ಕಟ್ಟುತ್ತಾನೆಯೇ? ಆ ತೂತು ಮುಚ್ಚಲು ಠೇವಣಿದಾರರ ದುಡ್ಡನ್ನೇ ಲಾಕರ್ ಬಾಡಿಗೆ ಎಂದು ತೋರಿಸಿದರು. ಒಳ್ಳೇ ಆದಾಯದ ಬ್ಯಾಂಕು ಎಂದು ಊರೆಲ್ಲ ಹೊಗಳಿತು. ವಾರ್ಷಿಕ ವರದಿ ಓದಿದ ನಾನು ಮಾತ್ರ ಲಾಕರ್ ಬೇಕೆಂಬ ನೆಪದಲ್ಲಿ ಎಣಿಸಲು ಹೋಗಿದ್ದೆ.

ಸಭೆಗೆ ಬಂದವರಿಗೆ ಹೆಸರು ಕೊರೆಸಿದ ಡಬ್ಬಿ ಕೊಡುವುದು ಅಲ್ಲಿನ ಪದ್ಧತಿ. ಹಾಜರಿ ಲೆಕ್ಕ ತಪ್ಪದಿರಲಿ ಎಂದು ಸತ್ತವರಿಗೂ ಕೊರೆಸಿದ್ದರು. ಉಳಿದ ಡಬ್ಬಿ ಸುಮ್ಮನೆ ಯಾಕೆ ಎಂದು ರಾಯರ ಹೆಂಡತಿ ಪಾತ್ರೆಯವಳಿಗೆ ಮಾರಿಬಿಟ್ಟಿದ್ದರು. ಜಾಣ ಕಳ್ಳನ ಮನೆಯಲ್ಲಿ ಜಿಪುಣ ಹೆಂಡತಿ!

ಹೊಟ್ಟೆ ಹಿಡಿದು ಕುಸಿದ ಕಲ್ಲೇಶನ ಸೊಂಟದಿಂದ ಕೀಲಿ ಕಿತ್ತುಕೊಂಡು, ಜಾಲರಿ ಬಾಗಿಲು ತೆರೆದು ನೇರ ಛೇರ್ಮನ್ ಕೋಣೆಗೆ ನುಗ್ಗಿದೆ. ಮೇಜಿನ ಮೇಲೆ ಡಬ್ಬಿ ಕುಕ್ಕಿದೆ.

ರಾಯರು ಹೆಸರು ಓದಿದರು. ಮುಖ ಬಿಳಿಚಿಕೊಂಡಿತು.

"ಎಷ್ಟು ಬೇಕು ನಿನಗ?"

"ನನಗ ಬ್ಯಾಡ್ರಿ. ಶಿವಬಸವ್ವನ ರೊಕ್ಕ, ಬಡ್ಡಿ ಸಮೇತ. ಬ್ಯಾರೆ ಬ್ಯಾಂಕಿನ ಡ್ರಾಫ್ಟು. ಈಗ!"

"ಕೊಟ್ರ ಬಾಯಿ ಮುಚ್ಚಿಕೊಂಡಿರ್ತೀಯೇನು?"

"ಇರ್ತೇನ್ರಿ," ಎಂದು ಡಬ್ಬಿ ಎತ್ತಿಕೊಂಡೆ.

ಶನಿವಾರ ಡ್ರಾಫ್ಟು ಪಾಸಾಯಿತು. ಸೋಮವಾರ ಶಿವಬಸವ್ವ ಜಾಗ ಕೊಂಡಳು. ಅವಳು ಖುಷಿಗೆ ಅತ್ತಳು. ಆದರೆ ಉಳಿದ ಠೇವಣಿದಾರರ ಗತಿ?

ಮಂಗಳವಾರ ಡಬ್ಬಿ ಸಮೇತ ಸಹಕಾರ ಇಲಾಖೆಗೆ ಹೋದೆ. ಕಳ್ಳನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳುವುದಿಲ್ಲ!

ವಾರದ ನಂತರ ನನ್ನ ಬಾಗಿಲಲ್ಲಿ ಹೊಸ ಡಬ್ಬಿ... 'ಹನಮೇಶ, ಸದಸ್ಯರು.'

ಆ ಪಟ್ಟಿಗೆ ಸೇರಲು ಮೊದಲು ಸಾಯಬೇಕು ಎಂದು ನನಗೆ ಗೊತ್ತು. ಸದ್ಯಕ್ಕೆ ಅದರಲ್ಲಿ ಉಪ್ಪಿನಕಾಯಿ ಹಾಕಿಟ್ಟಿದ್ದೇನೆ.