ಸೇತುವೆಯಾಚೆಯ ನಾಲ್ಕು ಬೋಲ್ಟು

1924ನೇ ಇಸವಿ ನವೆಂಬರ್ 11, ಮಂಗಳವಾರ. ಮುಂಜಾನೆ 7 ಗಂಟೆ 40 ನಿಮಿಷಕ್ಕೆ ರೈಲ್ವೆ ಗಾರ್ಡ್ ಬಾಳಾಸಾಹೇಬ ಬೆಳಗಾವಿ ಠಾಣೆಗೆ ಬಂದು, ಫೌಜದಾರ ಗುರುಪುತ್ರಪ್ಪನ ಮೇಜಿನ ಮೇಲೆ ಕೆಂಪು ಬಟ್ಟೆಯ ತುಂಡೊಂದನ್ನು ಒಗೆದ.

"ಈ ತಿಂಗಳದಾಗ ಮೂರನೇ ಸರತಿ ರೀ. ಖಾನಾಪುರ ಬಿಟ್ಟು ಎಂಟು ನಿಮಿಷಕ್ಕ, ಹಳ್ಳದ ಸೇತುವೆ ಹತ್ತರ, ಹಳಿ ನಡುವ ಕೋಲಿಗೆ ಇದನ್ನ ಕಟ್ಟಿ ನಿಲ್ಲಿಸ್ಯಾರ. ಗಾಡಿ ನಿಲ್ಲಿಸಿ ಇಳದು ನೋಡಿದ್ರ ಒಂದು ನರಪಿಳ್ಳಿ ಇಲ್ಲ."

ಎಫ್‌ಐಆರ್ ದಾಖಲಾಯಿತು. ಮುಂದಿನ ತಿಂಗಳು ಊರಲ್ಲಿ ಕಾಂಗ್ರೆಸ್ ಅಧಿವೇಶನ. ಮೇಲಿನ ಸಾಹೇಬರಿಗೆ ಕೆಂಪು ಬಟ್ಟೆ ಕಂಡಿದ್ದೇ ತಡ, ರೈಲು ಕೆಡವುವ ಸಂಚೂ ಕಂಡಿತು. ಮಧ್ಯಾಹ್ನದೊಳಗೆ ಖಾನಾಪುರದ ಖಾದಿ ಅಂಗಡಿಯ ಅವಧೂತ ಅಲ್ಲಿಯ ಲಾಕಪ್ಪಿನಲ್ಲಿದ್ದ. ಗುರುವಾರದೊಳಗೆ ಸಾಕ್ಷ್ಯ ಬೇಕೆಂದು ಹುಕುಂ.

"ನಾ ಮಾರೂದು ಬಿಳೀ ಖಾದಿ ರೀ," ಎಂದ ಅವಧೂತ. "ಮ್ಯಾಲ, ರೈಲು ನಿಲ್ಲಿಸಿದ್ರ ನಮ್ಮ ಅಧಿವೇಶನಕ್ಕ ಜನ ನಡಕೊಂಡು ಬರಬೇಕೇನು?"

ವಿಚಾರಣೆಗೆಂದು ಖಾನಾಪುರಕ್ಕೆ ಬಂದಿದ್ದ ಗುರುಪುತ್ರಪ್ಪನಿಗೆ ನಗು ಬಂತು. ಸಾಹೇಬರ ಹುಕುಂ ನೆನಪಾಗಿ ಅದು ಅಲ್ಲೇ ನಿಂತಿತು. ಕಾಲೇಜಿನಲ್ಲಿ ಪದಾರ್ಥವಿಜ್ಞಾನ ಓದಿದ ಅವನಿಗೆ ಅಳೆಯದೆ ನಂಬುವುದು ಒಗ್ಗುತ್ತಿರಲಿಲ್ಲ. ಗಾರ್ಡನ ಮೂರೂ ವರದಿಗಳನ್ನು ಸಾಲಾಗಿ ಹರಡಿಕೊಂಡ. ಗಾಡಿ ನಿಂತದ್ದು 6.18, 6.17, 6.18. ಮೂರರಲ್ಲೂ ಒಂದೇ ಸಾಲು: 'ಎರಡು ನಿಮಿಷದಲ್ಲಿ ಕೀಮನ್ ನಾಗಲಿಂಗ ಬಂದು ಹಳಿ ತಪಾಸಿಸಿ ಹಸಿರು ಬಾವುಟ ತೋರಿಸಿದ.'

"ಕೀಮನ್ ಮನಿ ಎಲ್ಲೈತಿ?"

"ಸ್ಟೇಷನ್ ಬಾಜುಕ್ಕ," ಎಂದ ಹವಾಲ್ದಾರ ಬಾಳಕೃಷ್ಣ. "ಅಲ್ಲಿಂದ ಸೇತುವೆ ಮೂರು ಮೈಲು. ಆರಕ್ಕ ಡ್ಯೂಟಿ. ಒಂದೊಂದ ಬೋಲ್ಟು ನೋಡಕೋತ ಹೋದ್ರ ಏಳಾಗತೈತಿ."

"ಮತ್ತ 6.20ಕ್ಕ ಹೆಂಗ ಬಂದ?"

"ಹನುಮಂತನಂಗ ಹಾರಿರಬೇಕ್ರಿ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಸೇತುವೆಯ ಬಳಿ ಪಂಚನಾಮೆ. ಎರಡು ಹಳಿ ಕೂಡುವ ಪ್ರತಿ ಜಾಗಕ್ಕೂ ನಾಲ್ಕು ಬೋಲ್ಟು. ಎಲ್ಲ ಬೋಲ್ಟಿನ ತಲೆಗಳೂ ತುಕ್ಕು ಹಿಡಿದು, ಮೂಲೆ ಚೂಪಾಗಿದ್ದವು. ಸೇತುವೆಯಾಚೆಯ ಮೊದಲ ಕೂಡಿನಲ್ಲಿ ಮಾತ್ರ ನಾಲ್ಕೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಮೂಲೆಗಳು ಸವೆದು ದುಂಡಗಾಗಿದ್ದವು. ಹವಾಲ್ದಾರ ಪಾನಾ ಹಾಕಿ ತಿರುವಿದ. ಕದಲಲಿಲ್ಲ.

"ಬಿಗಿ ಅದ ರೀ."

"ಅದ. ಬಿಗಿ ಇದ್ದದ್ದನ್ನ ಎಷ್ಟು ಸಲ ಬಿಗಿ ಮಾಡ್ಯಾರ?"

11.40ಕ್ಕೆ ನಾಗಲಿಂಗನ ಮನೆ. ಅವನ ಹೆಂಡತಿ ಅಕ್ಕವ್ವ ಬಾಗಿಲು ತೆರೆದಳು. ಬಾಗಿಲಿನ ಚಿಲಕವೂ ಹಾಗೇ ಹೊಳೆಯುತ್ತಿತ್ತು. ಗೂಟದ ಮೇಲಿನ ಕೌದಿಯಲ್ಲಿ ಒಂದು ಕೆಂಪು ತೇಪೆ ಅರ್ಧಕ್ಕೆ ಹರಿದಿತ್ತು. ಗುರುಪುತ್ರಪ್ಪ ಚೀಲದಿಂದ ತುಂಡು ತೆಗೆದು ಹಚ್ಚಿದ. ಎಳೆಗೆ ಎಳೆ ಕೂಡಿತು.

ಅಕ್ಕವ್ವ ಗೋಡೆಗೆ ಆತುಕೊಂಡಳು. "ಇಪ್ಪತ್ತು ಸರತಿ ಚಿಲಕಾ ನೋಡ್ತಾರ್ರಿ ಯಪ್ಪಾ, ಇಪ್ಪತ್ತು ಸರತಿ ಒಲಿ. ಊಟಕ್ಕ ಕುಂತವರು ಎದ್ದು ಹೋಗ್ತಾರ. ಕತ್ತಲಿದ್ದಾಗನ ಸೇತುವಿ ಹಾದಿ ಹಿಡೀತಾರ. ಜಾಂಬೋಟಿಗೆ ಹೋಗಿ ತಾಯತ ಕಟ್ಟಿಸಿದೆ. ಈಗ ಅದರ ಗಂಟೂ ನೋಡ್ತಾರ."

ನಾಗಲಿಂಗ ಹಿತ್ತಲಿಂದ ಬಂದ. ಅಂಗೈಯಲ್ಲಿ ಬೊಕ್ಕೆ ಒಡೆದಿದ್ದವು.

"ಕುಂದರು. ಬಟ್ಟಿ ಕಟ್ಟಿದವ ನೀನೇನು?"

"ಹೌದ್ರಿ."

"ಕಟ್ಟು ಅಂತ ಯಾರರ ಕಿವ್ಯಾಗ ಹೇಳಿದಂಗ ಆಗತೈತೇನು?"

"ಇಲ್ರಿ. ನನ್ನ ಮನಸ್ಸ ಹೇಳೂದು. ಬೋಲ್ಟು ಬಿಗಿ ಐತಂತ ಕೈಗೆ ಗೊತ್ತು, ಕಣ್ಣಿಗೆ ಗೊತ್ತು. ನಾಕು ಹೆಜ್ಜಿ ಇಟ್ಟರ ಮತ್ತ ಸಂಶೇ. ಖೊಟ್ಟಿ ಸಂಶೇ ಅಂತ್ಲೂ ಗೊತ್ತು. ಆದ್ರೂ ತಿರಗಿ ಹೋಗಬೇಕು."

"ಎಂದಿನಿಂದ?"

"ಎರಡು ವರ್ಷಾತ್ರಿ. ಒಂದಿನ ಜ್ವರ ಬಂದು ಸೇತುವೆತನಾ ಹೋಗಲಿಲ್ಲ. ಎಲ್ಲಾ ಬರೋಬರಿ ಅಂತ ಹೆಬ್ಬಟ್ಟು ಒತ್ತಿದೆ."

"ಏನಾತು ಅವತ್ತ?"

"ಏನೂ ಆಗಲಿಲ್ರಿ."

ಗುರುಪುತ್ರಪ್ಪ ಕೆಂಪು ತುಂಡನ್ನು ಮಡಚಿ ಚೀಲಕ್ಕೆ ಹಾಕಿದ.

"ಆ ಮೂರು ದಿನ ಗಾಡಿ ಬರೂ ಹೊತ್ತಾದ್ರೂ ಸಂಶೇ ಹೋಗಲಿಲ್ರಿ," ಎಂದ ನಾಗಲಿಂಗ. "ಗಾಡ್ಯಾಗ ಕೂಸುಗಳಿರ್ತಾವಲ್ರಿ. ಬಟ್ಟಿ ಕಟ್ಟಿ ಕಂಟಿ ಮರೀಗೆ ನಿಂತೆ. ಗಾಡಿ ನಿಂತಮ್ಯಾಲ ಬಂದು ಮತ್ತೊಮ್ಮೆ ನೋಡಿದೆ."

"ನಿನ್ನ ಕೆಂಪು ಬಾವುಟಾನ ತೋರಸಬೇಕಿತ್ತಲ್ಲ?"

"ಯಾಕಂತ ಕೇಳ್ತಿದ್ರು. ಏನ ಹೇಳ್ಲಿ? ಬೋಲ್ಟು ಬಿಗಿನ ಇತ್ತಲ್ರಿ."

12.25ಕ್ಕೆ ದಸ್ತಗಿರಿ. ಠಾಣೆಯ ಹಾದಿಯುದ್ದಕ್ಕೂ ನಾಗಲಿಂಗ ಒಂದನ್ನೇ ಕೇಳಿದ: "ನಾಳೆ ಮುಂಜಾನೆ ಯಾರು ನೋಡವರ್ರಿ?" ಹವಾಲ್ದಾರ ಎಣಿಸಿದ, ಹದಿನಾಲ್ಕು ಸಲ.

ಮೂರು ಗಂಟೆಗೆ ಅವಧೂತ ಬಿಡುಗಡೆಯಾದ. ವರದಿಯಲ್ಲಿ 'ಕೃತ್ಯಕ್ಕೆ ಕಾರಣ' ಎಂಬಲ್ಲಿ ಗುರುಪುತ್ರಪ್ಪನ ಲೇಖನಿ ನಿಂತಿತು. ಘಾತುಕ ಎಂದು ಬರೆದರೆ ಕರಿನೀರು. ಹುಚ್ಚ ಎಂದರೆ ಬೇಲಿಯೊಳಗಿನ ಆಸ್ಪತ್ರೆ. ಹೊರಬರುವ ದಿನ ಯಾರಿಗೂ ಗೊತ್ತಿಲ್ಲ.

"ಹುಚ್ಚ ಅಂತ ಬರೀರಿ, ಮುಗೀತು," ಎಂದ ಬಾಳಕೃಷ್ಣ.

"ಹುಚ್ಚಗ ತನ್ನ ಸಂಶಯ ಖರೇ ಅನಸ್ತದ. ಇವಗ ಸುಳ್ಳು ಅಂತ ಗೊತ್ತದ, ಆದ್ರ ಬಿಡಂಗಿಲ್ಲ. ಇದು ಬ್ಯಾರೇ ಜಡ್ಡು."

ಬರೆದ: 'ಆರೋಪಿಗೆ ದುರುದ್ದೇಶವಿಲ್ಲ. ಒಂದೇ ಸಂಶಯ ಪದೇ ಪದೇ ಬಂದು, ಸುಳ್ಳೆಂದು ತಿಳಿದೂ ತಡೆಯಲಾರದ ವ್ಯಾಧಿ ಇರುವಂತೆ ಕಾಣುತ್ತದೆ. ಉಳಿದ ವಿಷಯಗಳಲ್ಲಿ ಬುದ್ಧಿ ಸ್ವಸ್ಥ. ಸಿವಿಲ್ ಸರ್ಜನರು ಪರೀಕ್ಷಿಸಬೇಕೆಂದು ವಿನಂತಿ.' ಸಾಹೇಬರು ಇದನ್ನು ಒಪ್ಪಬೇಕಾದರೆ ಮಾತು ಸಾಲದು. ರೈಲ್ವೆಯವರಿಂದ ಸವೆದ ಬೋಲ್ಟೊಂದನ್ನು ಬಿಚ್ಚಿಸಿ, ಅದರ ಜಾಗಕ್ಕೆ ಬದಲಿ ಹಾಕಿಸಿ ತಂದಿದ್ದ. ಅದನ್ನು ಮೇಜಿನ ಮೇಲಿಟ್ಟು, ಇನ್ನೊಂದು ಹೊಸ ಬೋಲ್ಟಿನ ಪಕ್ಕದಲ್ಲಿ ಅಳೆದ. ಅನುಮಾನವಾಗಿ ಮತ್ತೊಮ್ಮೆ ಅಳೆದ. ಮೂರನೇ ಸಲ ಅಳೆಯಲು ಹೋದ ಕೈಯನ್ನು ತಾನೇ ಹಿಂದೆ ತೆಗೆದುಕೊಂಡು ಮುದ್ದೆಮಾಲಿನ ಪಟ್ಟಿಯಲ್ಲಿ ಬರೆದ:

ಬೋಲ್ಟಿನ ತಲೆಯ ಸವೆತ, ಒಂದು ಇಂಚಿನ ಹದಿನಾರು ಪಾಲಿನಲ್ಲಿ ಮೂರು ಪಾಲು.