ಹತ್ತೊಂಬತ್ತನೇ ಪಾಯಿಂಟಿನ ಬಾವಿ

"ನಕ್ಷೆಯಿಂದ ಕೈ ತೆಗೀರಿ!"

ಬಾಗಿಲಲ್ಲಿ ನಿಂತ ಪ್ರಿಯಂವದಾ ಕೂಗಿದ ರಭಸಕ್ಕೆ ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿಬೀಳುತ್ತಿದ್ದರು. ಆ ಮನುಷ್ಯ ತಲೆಯನ್ನೂ ಎತ್ತಲಿಲ್ಲ. ಮೇಜಿನ ಮೇಲೆ ಬಗ್ಗಿಕೊಂಡು, ನಕ್ಷೆಯ ಗೆರೆಯುದ್ದಕ್ಕೂ ಒಂದು ಕೆಂಪು ದಾರವನ್ನು ಬೆರಳ ತುದಿಯಿಂದ ಕೂರಿಸುತ್ತಾ ಹೋಗುತ್ತಿದ್ದ.

"ಒಂದು ನಿಮಿಷ ನಿಲ್ರೀ... ದಾರ ಸರದ್ರ ಮತ್ತ ಮೊದಲಿಂದ ಹಚ್ಚಬೇಕಾಗ್ತದ."

ಕನ್ನಡ! ಬಂಗಾಳಿ ಮಾತಾಡುವ ಟಾಲಿಗಂಜ್‌ನ ಈ ಮೂರನೇ ಮಹಡಿಯ ಕಚೇರಿಯಲ್ಲಿ, ಬೀಗ ಹಾಕಿದ್ದ ಕೋಣೆಯೊಳಗೆ, ಧಾರವಾಡದ ಕನ್ನಡ!

"ಯಾರು ನೀವು? ಒಳಗೆ ಹೇಗೆ ಬಂದ್ರಿ?"

"ವೀರಭದ್ರ ಅಂತ. ಪಂದ್ಯದ ದಾರಿ ಪರೀಕ್ಷೆ ಮಾಡಾಕ ಕಂಪನಿಯವ್ರು ಕಳಿಸ್ಯಾರ. ಕೀಲಿ ವಾಚಮನ್ ಕೊಟ್ಟ." ಆತ ದಾರವನ್ನು ಎತ್ತಿ ಸ್ಕೇಲಿನ ಮೇಲೆ ನೆಟ್ಟಗೆ ಹಿಡಿದ. "ಮೂರನೇ ದಿನದ್ದು ನೀವು ಬರದದ್ದಕ್ಕಿಂತ ನಾಕು ಕಿಲೋಮೀಟರ್ ಜಾಸ್ತಿ ಅದ ನೋಡ್ರಿ. ಮಂದಿ ಸುಸ್ತಾಗಿ ಬೀಳ್ತಾರ."

ಪ್ರಿಯಂವದಾ ನಕ್ಷೆಯನ್ನು ಸರಕ್ಕನೆ ಸುತ್ತಿ ಎದೆಗೊತ್ತಿಕೊಂಡಳು.

ಅವಳ ಭಯಕ್ಕೆ ಕಾರಣವಿತ್ತು. ಫೆಬ್ರವರಿಯಲ್ಲಿ ಪುರುಲಿಯಾದ ಬೆಟ್ಟಗಳಲ್ಲಿ ನಾಲ್ಕು ದಿನದ ಪಂದ್ಯ ನಡೆಸಬೇಕಿತ್ತು. ನಲವತ್ತು ತಂಡ, ತಂಡಕ್ಕೆ ನಾಲ್ಕು ಜನ. ಕಾಲ್ನಡಿಗೆ, ಸೈಕಲ್ಲು, ದೋಣಿ. ಕಾಡಿನಲ್ಲಿ ಅಡಗಿಸಿಟ್ಟ ಚೆಕ್‌ಪಾಯಿಂಟುಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗಬೇಕು. ದಾರಿ ಯಾವುದೆಂದು ಪಂದ್ಯ ಶುರುವಾಗುವ ಎರಡು ಗಂಟೆ ಮೊದಲಷ್ಟೇ ತಂಡಗಳಿಗೆ ತಿಳಿಯಬೇಕು. ಅಲ್ಲಿಯವರೆಗೆ ಆ ನಕ್ಷೆ ಹೊರಗೆ ಹೋಗಕೂಡದು.

ಮೂರು ವರ್ಷದ ಹಿಂದೆ ಒಮ್ಮೆ ಹೋಗಿತ್ತು. ಕೊಟ್ಟವನು ಮಿಥುನ್. ಅವಳ ಜೊತೆಗೇ ಕೆಲಸ ಮಾಡುತ್ತಿದ್ದವನು, ಅವಳನ್ನು ಮದುವೆಯಾಗುತ್ತೇನೆ ಎಂದಿದ್ದವನು! ಸ್ನೇಹಿತರ ತಂಡ ಗೆಲ್ಲಲೆಂದು ದಾರಿ ತೋರಿಸಿಬಿಟ್ಟಿದ್ದ. ಪಂದ್ಯ ಅರ್ಧಕ್ಕೇ ನಿಂತಿತು. ಮದುವೆಯ ಮಾತೂ ನಿಂತಿತು.

ಇನ್ನೊಮ್ಮೆ ಹಾಗಾದರೆ ಪ್ರಿಯಂವದಾಳನ್ನು ನಂಬಿ ಕಾಡಿನ ಬಾಗಿಲು ತೆರೆಯುವವರು ಯಾರೂ ಇರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ಆ ಸಂಜೆಯೇ ಅವಳು ಕಚೇರಿಯಲ್ಲಿದ್ದ ನಕ್ಷೆಯ ಪರೀಕ್ಷಾ ಮುದ್ರಣದ ಪ್ರತಿಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ದಳು. 'ಇವನ ಕಣ್ಣಿಗೆ ಬೀಳೋದು ಬೇಡ... ಮನೇಲಿದ್ರೆ ಭದ್ರ' ಎಂದುಕೊಂಡು ಅಡುಗೆಮನೆಯ ಅಟ್ಟಕ್ಕೆ ಸೇರಿಸಿದಳು.

* * *

ಡಿಸೆಂಬರಿನಲ್ಲಿ ಇಬ್ಬರೂ ಬೆಟ್ಟ ಸುತ್ತಿದರು. ಸ್ಥಳದ ಇಬ್ಬರು ಮಾರ್ಗದರ್ಶಿಗಳು ಜೊತೆಗಿದ್ದರು; ಯಾವ ಪಾಯಿಂಟಿನಿಂದ ಯಾವುದಕ್ಕೆ ಹೇಗೆ ಹೋಗಬೇಕೆಂಬುದನ್ನು ಅವರಿಗೂ ಹೇಳಿರಲಿಲ್ಲ. ವೀರಭದ್ರ ಪ್ರತಿ ಚೆಕ್‌ಪಾಯಿಂಟಿನಲ್ಲೂ ತಾನೇ ಹೋಗಿ ನಿಂತು, ಸುತ್ತ ನೋಡಿ, ಆಮೇಲೆ ಗಿಡಕ್ಕೆ ಒಂದು ಹಳದಿ ಬಟ್ಟೆಯ ತುಂಡು ಕಟ್ಟುತ್ತಿದ್ದ.

"ಉಪಗ್ರಹದ ಚಿತ್ರದಲ್ಲೇ ಎಲ್ಲಾ ಕಾಣತ್ತಲ್ಲ. ಪ್ರತಿಯೊಂದಕ್ಕೂ ಹತ್ತಬೇಕಾ?"

"ಹತ್ತಬೇಕ್ರೀ. ಒಮ್ಮೆ ನಮ್ಮ ಕಡೆ, ಕಾಗದದ ಮ್ಯಾಲ ಝರಿ ಅದ ಅಂತ ಹುಡುಗ್ರನ್ನ ಕಳಿಸಿದ್ರು. ಝರಿ ಬತ್ತಿ ಎರಡು ವರ್ಷ ಆಗಿತ್ತು. ಒಬ್ಬ ಹುಡುಗ ಬದುಕಿದ್ದೇ ದೊಡ್ಡದು." ಗಂಟು ಬಿಗಿಯುತ್ತಾ ಮೆಲ್ಲಗೆ ಹೇಳಿದ, "ನನ್ನ ಕಾಲು ಮುಟ್ಟದ ಜಾಗಕ್ಕ ನಾನು ಮಂದೀನ ಕಳಸಂಗಿಲ್ಲ."

ಇಳಿಯುವಾಗ ಅವಳ ಕಾಲು ಜಾರಿತು. ಅವನು ಕೈ ಚಾಚಲಿಲ್ಲ, ಊರುಗೋಲು ಚಾಚಿದ. ಹಿಡಿದುಕೊಂಡಳು. ಆ ಕೋಲಿನ ಇನ್ನೊಂದು ತುದಿಯಲ್ಲಿ ಅವನ ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ... ಪ್ರಿಯಂವದಾಳ ಎದೆ ಒಮ್ಮೆ ಡವಗುಟ್ಟಿತು.

'ಬೇಡ! ಮಿಥುನ್ ಕೂಡ ಮೊದಮೊದಲು ಹೀಗೇ ಇದ್ದ.'

ಅವಳು ಕೋಲು ಬಿಟ್ಟಳು.

* * *

ಜನವರಿ ಇಪ್ಪತ್ತರ ಬೆಳಿಗ್ಗೆ ಕೆರೆಯೊಂದರಲ್ಲಿ ತಂಡಗಳಿಗೆ ಈಜು ಮತ್ತು ದೋಣಿಯ ಪರೀಕ್ಷೆ ಇತ್ತು. ಐಟಿ ಕಂಪನಿಗಳಿರುವ ಸೆಕ್ಟರ್ ಫೈವ್‌ನಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರ ತಂಡವೂ ಬಂದಿತ್ತು. ಅವರ ನಾಯಕ ರೋಹಿತ್ ಒದ್ದೆ ತಲೆ ಒರೆಸಿಕೊಳ್ಳುತ್ತಾ ಪ್ರಿಯಂವದಾಳನ್ನು ಕೇಳಿದ.

"ಅಕ್ಕಾ, ದೋಣೀನ ನೆಲದ ಮೇಲೆ ಸಾಗಿಸೋವಾಗ ಕೆಳಗೆ ಪುಟ್ಟ ಗಾಲಿ ಕಟ್ಕೋಬಹುದಾ?"

ಪ್ರಿಯಂವದಾ ಥಟ್ಟನೆ ಅವನತ್ತ ತಿರುಗಿದಳು.

ಎರಡು ಕೆರೆಗಳ ನಡುವೆ ಮೂರು ಕಿಲೋಮೀಟರು ದೋಣಿ ಹೊತ್ತು ನಡೆಯಬೇಕು. ಅದು ಈ ಪಂದ್ಯದ ದೊಡ್ಡ ಗುಟ್ಟು. ತಿಳಿದವರು ಇಬ್ಬರೇ... ತಾನು ಮತ್ತು ವೀರಭದ್ರ!

ಅಷ್ಟು ದೂರದಲ್ಲಿ ವೀರಭದ್ರ ಆ ಹುಡುಗರ ಜೊತೆ ನಗುತ್ತಾ ನಿಂತಿದ್ದ. ಒಬ್ಬ ಅವನ ಹೆಗಲ ಮೇಲೆ ಕೈ ಹಾಕಿದ್ದ. ಏನು ಮಾತು ಅದು? ಯಾಕಷ್ಟು ಸಲುಗೆ?

'ಮತ್ತೆ ಮೋಸ ಹೋದೆ...'

ಅವಳು ಏನನ್ನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ, ಮಿಥುನ್ ಹೇಳಿದ್ದನಲ್ಲ! ಅದರ ಬದಲು ಮರುದಿನ ಒಬ್ಬಳೇ ಕುಳಿತು ಒಂದು ಬಲೆ ಹೆಣೆದಳು. ವೀರಭದ್ರನ ಪ್ರತಿಯಲ್ಲಿ ಮಾತ್ರ ಹತ್ತೊಂಬತ್ತನೇ ಚೆಕ್‌ಪಾಯಿಂಟನ್ನು ಒಂದು ಗುಡ್ಡದ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ 'ಹಳೇ ಬಾವಿ' ಎಂದು ಬರೆದಳು. ಅಲ್ಲಿ ಬಾವಿಯೂ ಇರಲಿಲ್ಲ, ಬಾವಿಯ ಗುರುತೂ ಇರಲಿಲ್ಲ. ನಾಳೆ ಯಾವುದಾದರೂ ತಂಡ ಬಂದು ಬಾವಿಯ ಸುದ್ದಿ ಎತ್ತಿದರೆ, ಕಳ್ಳ ಯಾರೆಂದು ತಾನೇ ಗೊತ್ತಾಗುತ್ತದೆ.

"ಹತ್ತೊಂಬತ್ತು ಬದಲಿ ಮಾಡೀರೇನು?" ವೀರಭದ್ರ ನಕ್ಷೆ ನೋಡಿ ಕೇಳಿದ.

"ಹೂಂ. ಯಾಕೆ, ತೊಂದರೆಯಾ?"

"ಇಲ್ರೀ. ನೀವು ಹಾಕೀರಿ ಅಂದ್ರ ಸರಿ ಇರ್ತದ."

ಅವನ ಕಣ್ಣಲ್ಲಿ ಏನಾದರೂ ಕಳ್ಳತನ ಕಾಣುತ್ತದೋ ಎಂದು ಅವಳು ಹುಡುಕಿದಳು. ಸಿಗಲಿಲ್ಲ. ಸಿಗದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು!

ಮರುದಿನ ವೀರಭದ್ರ ಬರಲಿಲ್ಲ. ಫೋನು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ.

'ಓಡಿಹೋದ! ಬಲೆ ಗೊತ್ತಾಗಿ ಓಡಿಹೋದ!'

ಅಷ್ಟು ಸಿಟ್ಟಿನ ನಡುವೆಯೂ ಕಣ್ಣು ಯಾಕೆ ತುಂಬಿಕೊಳ್ಳುತ್ತದೆ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

* * *

ಮೂರನೇ ದಿನ ತಡೆಯಲಾರದೆ ರೋಹಿತನನ್ನು ಕಚೇರಿಗೆ ಕರೆಸಿದಳು.

"ನಿಜ ಹೇಳು. ದೋಣಿ ಹೊರೋ ವಿಷಯ ನಿನಗೆ ಹೇಳಿದ್ದು ವೀರಭದ್ರ ತಾನೇ?"

"ವೀರಣ್ಣನಾ? ಅಯ್ಯೋ, ಇಲ್ಲಕ್ಕ!" ರೋಹಿತ್ ಕಂಗಾಲಾದ. "ಅವರ ಹತ್ರ ಬರೀ ಊರಿನ ಮಾತು. ಪಂದ್ಯದ ವಿಷಯ ಎತ್ತಿದ್ರೆ ಎದ್ದೇ ಹೋಗ್ತಾರೆ. ನಮಗೆ ಸಿಕ್ಕಿದ್ದು... ನಿಮ್ಮನೆಯಿಂದಾನೇ."

"ನಮ್ಮನೆಯಿಂದ?"

ರೋಹಿತ್ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸಿದ. ದುಂಡಗೆ ಕತ್ತರಿಸಿದ ಕಾಗದ. ಎಣ್ಣೆಯ ಹೊಳಪು. ಅಂಚಿನಲ್ಲಿ ಎಳ್ಳು ಅಂಟಿತ್ತು. ನಡುವೆ ಎರಡು ಕೆರೆ, ಅವುಗಳ ನಡುವೆ ಚುಕ್ಕಿಗಳ ಸಾಲು, ಸಾಲಿನ ಮೇಲೆ ದೋಣಿ ಹೊತ್ತ ಪುಟ್ಟ ಮನುಷ್ಯನ ಚಿತ್ರ.

"ಸಂಕ್ರಾಂತಿಗೆ ನಿಮ್ಮಮ್ಮ ಇಂದಿರಾ ಆಂಟಿ ನಮಗೆಲ್ಲ ಕೋಡುಬಳೆ ಡಬ್ಬಿ ಕಳಿಸಿದ್ರಲ್ಲ, ಅದರ ತಳದಲ್ಲಿತ್ತು. ಹಳೇ ವರ್ಷದ ನಕ್ಷೆ, ಈ ಸಲಾನೂ ಹಾಗೇ ಇರಬಹುದು ಅಂದ್ಕೊಂಡ್ವಿ. ಈ ಸಲದ್ದಾದ್ರೆ ನೀವು ಡಬ್ಬಿಗೆ ಹಾಕ್ತಿದ್ರಾ?"

ಪ್ರಿಯಂವದಾ ಮನೆಗೆ ಓಡಿದಳು. ತಾಯಿ ಇಂದಿರಮ್ಮ ಬಟ್ಟೆ ಮಡಿಸುತ್ತಾ ಕುಳಿತಿದ್ದರು.

"ಅಮ್ಮಾ! ಅಟ್ಟದ ಮೇಲಿನ ಕಾಗದ ಮುಟ್ಟಿದ್ಯಾ?"

"ಆ ರದ್ದಿ ತಾನೇ? ಎಂಥ ಕಾಗದ ಕಣೇ ಅದು! ನೀರೂ ಹಿಡಿಯಲ್ಲ, ಎಣ್ಣೆನೂ ಸೋರಲ್ಲ. ಡಬ್ಬಿ ತಳಕ್ಕೆ ಅಂತ್ಲೇ ಮಾಡಿದ ಹಾಗಿತ್ತು. ಒಂದು ಡಬ್ಬಿಗೆ ಕತ್ತರಿಸಿದೆ, ಮಿಕ್ಕಿದ್ದು ಅಲ್ಲೇ ಇದೆ. ಯಾಕೆ, ಏನಾಯ್ತು?"

ಅವಳು ಅಟ್ಟದಿಂದ ಮಿಕ್ಕ ಹಾಳೆಗಳನ್ನು ಇಳಿಸಿದಳು. ಮಳೆಯಲ್ಲಿ ನೆನೆದರೂ ಹರಿಯಬಾರದೆಂದು ತಾನೇ ಆರಿಸಿದ ಕಾಗದ. ಅವನನ್ನು ನಂಬದೆ ತಾನೇ ಹೊತ್ತು ತಂದ ಕಾಗದ. ಸೋರಿದ್ದು ಅವನ ಕೈಯಿಂದಲ್ಲ... ತನ್ನ ಅನುಮಾನದಿಂದ!

"ಹಾಗಾದ್ರೆ ಅವರೆಲ್ಲಿ ಹೋದ್ರು?"

ಮತ್ತೆ ಕಚೇರಿಗೆ ಬಂದಳು. ಕಾಡಿಗೆ ಹೋಗುವವರು ಬರೆದಿಡಬೇಕಾದ ರಿಜಿಸ್ಟರ್ ಮೊಳೆಗೆ ನೇತುಬಿದ್ದಿತ್ತು. ಮೂರು ದಿನದಿಂದ ಅವನಿಗೆ ಫೋನು ಮಾಡಿದವಳು ಅದನ್ನೊಮ್ಮೆ ತೆರೆದು ನೋಡಿರಲಿಲ್ಲ. ಕೊನೆಯ ಸಾಲಿನಲ್ಲಿ ಅವನ ಗುಂಡುಗುಂಡು ಅಕ್ಷರ:

'ಪಾಯಿಂಟ್ 19, ಹಳೇ ಬಾವಿ. ಬಟ್ಟೆ ಕಟ್ಟಿ ಬರುವೆ. ವೀರಭದ್ರ.'

ಇಲ್ಲದ ಬಾವಿಗೆ! ಅವಳು ಸುಮ್ಮನೆ ಗೀಚಿದ ಒಂದು ಚುಕ್ಕಿಯನ್ನು ಹುಡುಕಿಕೊಂಡು, ಆ ಬೆಟ್ಟದಲ್ಲಿ, ಮೂರು ದಿನದಿಂದ...

ಪುರುಲಿಯಾದ ಮಾರ್ಗದರ್ಶಿಗೆ ಫೋನು ಮಾಡಿದಳು. ಅವನು ನಗುತ್ತಾ ಹಿಂದಿಯಲ್ಲಿ ಹೇಳಿದ. "ಅಲ್ಲಿ ಬಾವಿ ಇಲ್ಲ ಅಂತ ನಾನೂ ಹೇಳಿದೆ. ಅವರು ಕೇಳಲೇ ಇಲ್ಲ. ಕಾಲು ತರಚಿಸಿಕೊಂಡು ಈಗಷ್ಟೇ ಇಳಿದು ಬಂದರು, ದೀದಿ. ಹೌರಾ ರೈಲು ಹತ್ತಿಸಿದ್ದೇನೆ."

ಅವಳು ಅಳಲಿಲ್ಲ. ಮೊದಲು ಮಾಡಬೇಕಾದ ಕೆಲಸ ಮಾಡಿದಳು. ನಲವತ್ತು ತಂಡಗಳಿಗೂ ಒಂದೇ ಪತ್ರ ಬರೆದಳು: 'ದಾರಿಯ ಒಂದು ಭಾಗ ಹೊರಗೆ ಹೋಗಿದೆ. ತಪ್ಪು ನನ್ನದು, ನನ್ನ ಮನೆಯಿಂದಲೇ ಆಗಿದೆ. ಬೇರೆ ಯಾರ ತಪ್ಪೂ ಇಲ್ಲ. ಆ ಭಾಗವನ್ನು ಬದಲಿಸುತ್ತೇವೆ. ಬದಲಿಸಲಾಗದಿದ್ದರೆ ಪಂದ್ಯ ನಿಲ್ಲಿಸುತ್ತೇನೆ.'

ಕಳಿಸುವ ಗುಂಡಿ ಒತ್ತುವಾಗ ಕೈ ಒಮ್ಮೆ ತಡೆಯಿತು. ಒತ್ತಿದಳು.

* * *

ಹೌರಾ ನಿಲ್ದಾಣದಲ್ಲಿ ಬಿಸಿಲು ಇಳಿಯುತ್ತಿತ್ತು. ಜನಸಾಗರದ ನಡುವೆ ವೀರಭದ್ರ ಕುಂಟುತ್ತಾ ಬಂದ. ಮುಖವೆಲ್ಲ ಕೆಂಧೂಳು. ಅವಳನ್ನು ನೋಡಿ ತಲೆ ತಗ್ಗಿಸಿದ.

"ತಪ್ಪಾತ್ರೀ ಮೇಡಂ. ಬಾವಿ ಸಿಗಲಿಲ್ಲ. ಎರಡು ದಿನ ಹುಡುಕಿದೆ. ನನ್ನ ಕಣ್ಣಿಗೇ ಬೀಳಲಿಲ್ಲ ಕಾಣ್ತದ."

ಪ್ರಿಯಂವದಾ ನೇರವಾಗಿ ಹೇಳಿದಳು. "ಅಲ್ಲಿ ಬಾವಿ ಇಲ್ಲ... ಇರಲೇ ಇಲ್ಲ. ನೀವು ನಕ್ಷೆ ಕೊಟ್ಟಿದ್ದೀರಿ ಅಂದ್ಕೊಂಡು, ನಿಮ್ಮನ್ನ ಹಿಡಿಯೋಕೆ ನಾನೇ ಸುಳ್ಳು ಬರೆದೆ."

ಎಲ್ಲವನ್ನೂ ಹೇಳಿದಳು. ಅಟ್ಟ, ಡಬ್ಬಿ, ಕೋಡುಬಳೆ, ಮಿಥುನ್... ಏನನ್ನೂ ಬಚ್ಚಿಡಲಿಲ್ಲ.

ಕೂಲಿಯವರು ಪಕ್ಕಕ್ಕೆ ಸರಿಯಿರಿ ಎಂದು ಕೂಗುತ್ತಾ ಹೋದರು.

"ಒಂದು ಮಾತು ಕೇಳಬಹುದಿತ್ತಲ್ರೀ..." ಅವನ ದನಿ ಒಡೆದಿತ್ತು. "ನಾನು ಅಲ್ಲಿಗೆ ಬಾವಿ ಅದನೋ ಇಲ್ಲೋ ನೋಡಾಕ ಹೋಗಿದ್ದಿಲ್ಲ. ಅದ ಅಂತನ ನಂಬಿ, ಬಟ್ಟೆ ಕಟ್ಟಾಕ ಹೋಗಿದ್ದೆ. ನನ್ನ ಕಾಲು ಮುಟ್ಟದ ಜಾಗ ನಾನು ನಂಬಿದ್ದು ಅದೊಂದ. ನೀವು ಬರದಿದ್ರಿ ಅಂತ."

ಈ ಮಾತಿಗೆ ಅವಳ ಕಟ್ಟೆಯೊಡೆಯಿತು. ಅಷ್ಟು ಜನರ ನಡುವೆ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ನೀವು ಹೊರಟುಹೋಗಿ... ನಾನು ತಡೆಯೋದಿಲ್ಲ. ಪಂದ್ಯಾನೂ ನಡೆಯಲ್ಲ ಅನ್ಸತ್ತೆ. ಹತ್ತು ದಿನದಲ್ಲಿ ಹೊಸ ದಾರಿ ಎಲ್ಲಿಂದ ತರಲಿ?"

ವೀರಭದ್ರ ಮೆಲ್ಲನೆ ಚೀಲ ಇಳಿಸಿದ. ಮಡಿಸಿದ ನಕ್ಷೆ ತೆಗೆದು ಬೆಂಚಿನ ಮೇಲೆ ಹರಡಿದ. ಜೇಬಿನಿಂದ ಅದೇ ಕೆಂಪು ದಾರ ತೆಗೆದ.

"ಬಾವಿ ಹುಡುಕ್ಕೋತ ಆ ಗುಡ್ಡದ ಹಿಂದ ಇಳಿದೆ. ಅಲ್ಲೊಂದು ಒಣಹಳ್ಳ ಅದ. ಮಳಲು, ನೆರಳು. ನೆಟ್ಟಗ ಎರಡನೇ ಕೆರೀಗೆ ಹೋಗಿ ಮುಟ್ಟತದ. ಯಾವ ನಕ್ಷೆದಾಗೂ ಇಲ್ಲ. ಸೋರಿದ ದಾರಿ ಬಿಟ್ಟು ಇದನ್ನ ಹಾಕೂಣ್ರಿ." ದಾರವನ್ನು ಅಲ್ಲಿ ಕೂರಿಸಿದ. "ಹಿಡೀರಿ ಆ ತುದಿ."

ಅವಳು ಕಣ್ಣೀರಿನಲ್ಲೇ ಆ ತುದಿ ಹಿಡಿದಳು.

"ಪೂರಾ ನಡದು ನೋಡೀನಿ," ಎಂದ ಅವನು. "ಇದನ್ನ ನಂಬಬಹುದು."

"ನಾನು ನಿಮ್ಮನ್ನ ನಂಬ್ತೀನಿ... ಬರೀ ನಂಬೋದಲ್ಲ. ಡಿಸೆಂಬರ್‌ನಲ್ಲಿ ಆ ಕೋಲು ಬಿಟ್ಟೆನಲ್ಲ, ಅವತ್ತಿನಿಂದ ಕೈ ಖಾಲಿ ಖಾಲಿ ಅನ್ನಿಸ್ತಿದೆ."

ಅವನು ತಲೆಯೆತ್ತಿದ. ಧೂಳಿನ ಮುಖದಲ್ಲಿ ಮೊದಲ ಬಾರಿಗೆ ನಗು ಇಣುಕಿತು.

"ಮತ್ತ ಸಂಶಯ ಬಂತಂದ್ರ?"

"ಎದುರಿಗೇ ಕೇಳ್ತೀನಿ."

"ಈಗ ಏನರ ಕೇಳೂದದ ಏನು?"

"ಇದೆ. ಹತ್ತೊಂಬತ್ತಕ್ಕೆ ಅಂತ ತಗೊಂಡು ಹೋದ ಬಟ್ಟೆ ಎಲ್ಲಿ?"

ಅವನು ಮುದುಡಿದ ಹಳದಿ ತುಂಡನ್ನು ಹೊರತೆಗೆದ. ಅವಳು ಮುಂಗೈ ಚಾಚಿದಳು.

"ಅಯ್ಯ! ಕೈಗೆ ಕಟ್ಟಿದ್ರ ರಾಖಿ ಆಗ್ತದ್ರೀ!"

ಅಳುತ್ತಿದ್ದವಳು ಕಿಲಕಿಲ ನಕ್ಕುಬಿಟ್ಟಳು. ಕೈ ಹಿಂದಕ್ಕೆಳೆದುಕೊಂಡು, ಹೆಗಲ ಚೀಲದ ಪಟ್ಟಿಯನ್ನು ಮುಂದೆ ಹಿಡಿದಳು. ಅವನು ಬಗ್ಗಿ, ಬೆಟ್ಟದಲ್ಲಿ ಕಟ್ಟುತ್ತಿದ್ದಷ್ಟೇ ಗಮನವಿಟ್ಟು ಕಟ್ಟತೊಡಗಿದ.

"ಸಡಿಲ ಇರಲೇನು? ನಾಳೆ ಬ್ಯಾಡ ಅನಿಸಿದ್ರ ಬಿಚ್ಚಾಕ ಬರ್ತದ."

"ಬೇಡ," ಎಂದಳು ಪ್ರಿಯಂವದಾ. "ಬಿಗಿಯಾಗೇ ಕಟ್ಟು."