ಅಹ್ಮಾಕ್‌ನ ಮರುದಿನ

ನಮ್ಮ ಮಾಯಾ ಪಂಚಾಂಗದ ಇಪ್ಪತ್ತು ದಿನಗಳ ಹೆಸರನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ, ತಿರುಗುಮುರುಗಾಗಿಯೂ ಹೇಳಬಲ್ಲೆ. ನಮ್ಮೂರು ಮೊಮೊಸ್ತೆನಾಂಗೊದ ಹುಂಜಗಳು ಸಹ ನನ್ನನ್ನು ಕೇಳಿಯೇ ಕೂಗುತ್ತಿದ್ದವು! ಬೆಳಿಗ್ಗೆ ಎದ್ದು ನಾನು ದಿನದ ಹೆಸರು ಹೇಳಿದರೆ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಹೆಂಡತಿ ಎಸ್ತೆಬಾನಾ ಅದನ್ನೇ ತಿರುಗಿ ಹೇಳುತ್ತಿದ್ದಳು. ಅವಳು ಸತ್ತ ಮೇಲೆ ಗೋಡೆಗೆ ಹೇಳುತ್ತಾ ಬಂದೆ.

ಆ ಇಪ್ಪತ್ತರಲ್ಲಿ, ಸತ್ತವರ ಹತ್ತಿರ ಕ್ಷಮೆ ಕೇಳುವ ದಿನ ಅಹ್ಮಾಕ್. ಅವಳು ಕೊನೆಯುಸಿರೆಳೆಯುವಾಗ ನಾನು ಸಂತೆಯಲ್ಲಿ ಬಡಾಯಿ ಕೊಚ್ಚುತ್ತಿದ್ದೆ. ಅದಕ್ಕೆ ನನಗೆ ಕ್ಷಮೆ ಬೇಕಿತ್ತು. ಆ ದಿನ ಬಂತೆಂದು ಮಧ್ಯಾಹ್ನ ಹತ್ತು ಆಳು ಹೊರುವಷ್ಟು ಧೂಪ ಹೊತ್ತು ಬೆಟ್ಟದ ಪೂಜೆಕಟ್ಟೆಗೆ ಹೋದೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಧೂಪ ಹೊತ್ತಿಸಿದರೆ ಹೊಗೆ ಮೇಲೇಳದೆ ನೆಲದ ಮೇಲೆ ತೆವಳಿತು. ಬೆಂಕಿಗೆ ಕೈಯೊಡ್ಡಿದರೆ ತಣ್ಣಗಿತ್ತು. ಹತ್ತಿರದಲ್ಲೇ ಯಾರೋ ರೊಟ್ಟಿ ತಟ್ಟುವ ಸದ್ದು. ನಾನು ಎಸ್ತೆಬಾನಾಳ ಹೆಸರೆತ್ತಿದಾಗಲೆಲ್ಲ ಅದು ನಿಲ್ಲುತ್ತಿತ್ತು.

ಸೌದೆ ಹೊತ್ತು ಆ ದಾರಿಯಲ್ಲಿ ಬಂದ ನೆರೆಮನೆಯ ಮೆಂಚಾ ನಕ್ಕಳು. "ಏನ್ ತಾತಾ, ಅಹ್ಮಾಕ್ ನಿನ್ನೆಗೇ ಮುಗೀತಲ್ಲ! ದಿನ ಎಣಿಸೋ ದೊಡ್ಡ ಮನುಷ್ಯ, ನೀನೇ ತಪ್ಪಿದ್ರೆ ನಮ್ಮ ಗತಿ ಏನು?"

ಬೆರಳು ಮಡಚಿ ಎಣಿಸಿ ನೋಡಿದೆ. ಅವಳು ಹೇಳಿದ್ದೇ ಸರಿ.

"ನಿನ್ನೆ ಇಲ್ಲೊಬ್ಳು ಹೆಂಗಸು ಬಂದಿದ್ಲು," ಎಂದಳು ಮೆಂಚಾ. "ಮುಸುಕು ಹಾಕ್ಕೊಂಡಿದ್ಲು, ಗುರುತು ಸಿಗ್ಲಿಲ್ಲ. ಸತ್ತವರನ್ನ ಕರೆಯೋ ಹಾಗೆ ನಿನ್ನ ಹೆಸರು ಕೂಗಿ ಕ್ಷಮೆ ಕೇಳ್ತಿದ್ಲು. ನೀನು ಹೋಗ್ಬಿಟ್ಯೇನೋ ಅಂತ ನಾನು ಅಳೋಕೇ ಶುರು ಮಾಡಿದ್ದೆ, ನೋಡು!"

"ಯಾತಕ್ಕೆ ಕ್ಷಮೆ?"

"ನಿನ್ನ ಒಬ್ಬನ್ನೇ ಬಿಟ್ಟು ಹೋಗಿದ್ದಕ್ಕಂತೆ. ಸಂಜೆವರೆಗೂ ಉತ್ತರಕ್ಕೆ ಕಾದು ಕೂತಿದ್ದು, ಆಮೇಲೆ ಎದ್ದು ಹೋದ್ಲು."